ಮೈಯೊಳಗಿನ ಉಪ್ಪಿನ ಲೆಕ್ಕಕ್ಕೂ ಫ್ರೀಕ್ವೆನ್ಸಿ ಮಷೀನಿಗೂ ಏನು ಸಂಬಂಧ?

ಫ್ರೀಕ್ವೆನ್ಸಿ ಥೆರಪಿ ಅನ್ನೋ ಮಾತು ಈಗ ನಮ್ಮ ಕರಾವಳಿಯ ಊರುಗಳಿಗೂ ಬಂದಿದೆ. ಒಂದು ಹಾಲ್ ಬಾಡಿಗೆಗೆ ಹಿಡಿದು ಶಿಬಿರ ಮಾಡುತ್ತಾರೆ. ಕೈಗೆ ಒಂದು ಲೋಹದ ಕೋಲು ಕೊಡುತ್ತಾರೆ, ಸ್ವಲ್ಪ ಹೊತ್ತು ಗಟ್ಟಿಯಾಗಿ ಹಿಡಿದುಕೊಂಡರೆ ಸೋಡಿಯಂ ಎಷ್ಟು, ಪೊಟ್ಯಾಸಿಯಂ ಎಷ್ಟು, ಕ್ಯಾಲ್ಸಿಯಂ ಎಷ್ಟು ಅಂತ ಲ್ಯಾಪ್‌ಟಾಪಿನಲ್ಲಿ ಪುಟಗಟ್ಟಲೆ ರಿಪೋರ್ಟು ಬರುತ್ತದೆ. ಆಮೇಲೆ ಮ್ಯಾಟ್ ಮೇಲೆ ಮಲಗಿಸುತ್ತಾರೆ, ಇಲ್ಲವೇ ಉಪ್ಪುನೀರಿನ ಟಬ್ಬಿನಲ್ಲಿ ಕಾಲು ಇಡಿಸುತ್ತಾರೆ. ಹೇಳುವ ಮಾತು ಹೆಚ್ಚುಕಡಿಮೆ ಒಂದೇ: ನಿಮ್ಮ ಎಲೆಕ್ಟ್ರೋಲೈಟ್ ಬ್ಯಾಲೆನ್ಸ್ ತಪ್ಪಿದೆ, ಸರಿಯಾದ ಫ್ರೀಕ್ವೆನ್ಸಿ, ಅಂದರೆ ಸೆಕೆಂಡಿಗೆ ಇಂತಿಷ್ಟು ಕಂಪನ, ಕೊಟ್ಟರೆ ತಾನಾಗೇ ಸರಿಹೋಗುತ್ತದೆ.

ಈ ಮಾತಿನ ಮೊದಲರ್ಧ ಸುಳ್ಳಲ್ಲ. ಎಲೆಕ್ಟ್ರೋಲೈಟ್ ಬ್ಯಾಲೆನ್ಸ್ ಅನ್ನೋದು ನಿಜವಾದ ವಿಷಯ, ತಪ್ಪಿದರೆ ಜೀವಕ್ಕೇ ಅಪಾಯ. ನಮ್ಮ ಮೈಯಲ್ಲಿ ವಿದ್ಯುತ್ತು ಓಡುತ್ತದೆ ಅನ್ನೋದೂ ನಿಜ. ಎರಡೂ ನಿಜವಾಗಿರೋದರಿಂದಲೇ ಮೂರನೇ ಮಾತನ್ನೂ ಜನ ನಂಬಿಬಿಡುತ್ತಾರೆ. ಆದ್ದರಿಂದ ಮೊದಲು ನಿಜವಾದದ್ದನ್ನು ಸರಿಯಾಗಿ ತಿಳಿದುಕೊಳ್ಳೋಣ.

ಸಾಣಿಕಟ್ಟೆಯ ಉಪ್ಪನ್ನು ಒಂದು ಲೋಟ ನೀರಿಗೆ ಹಾಕಿ ಕದಡಿ. ಉಪ್ಪು ಕಾಣದಂತೆ ಕರಗುತ್ತದೆ. ಅಲ್ಲಿ ಆಗಿರೋದು ಏನು ಅಂದರೆ, ಸೋಡಿಯಂ ಒಂದು ಕಡೆ, ಕ್ಲೋರೈಡ್ ಒಂದು ಕಡೆ ಬೇರೆಬೇರೆಯಾಗಿ, ಒಂದು ಧನ ಚಾರ್ಜ್, ಇನ್ನೊಂದು ಋಣ ಚಾರ್ಜ್ ಹೊತ್ತುಕೊಂಡು ನೀರಿನಲ್ಲಿ ಓಡಾಡುತ್ತಿರುತ್ತವೆ. ಈ ಚಾರ್ಜ್ ಇರುವ ಕಣಗಳಿಗೆ ಅಯಾನು ಅಂತ ಹೆಸರು. ಹೀಗೆ ನೀರಿನಲ್ಲಿ ಅಯಾನುಗಳಾಗಿ ಒಡೆದು ವಿದ್ಯುತ್ತನ್ನು ಹರಿಯಲು ಬಿಡುವ ವಸ್ತುಗಳೇ ಎಲೆಕ್ಟ್ರೋಲೈಟುಗಳು. ನಮ್ಮ ಮೈಯಲ್ಲಿ ಮುಖ್ಯವಾದವು ಸೋಡಿಯಂ, ಪೊಟ್ಯಾಸಿಯಂ, ಕ್ಯಾಲ್ಸಿಯಂ, ಮೆಗ್ನೀಸಿಯಂ, ಕ್ಲೋರೈಡ್, ಬೈಕಾರ್ಬನೇಟ್ ಮತ್ತು ಫಾಸ್ಫೇಟ್.

ಇವು ಎಷ್ಟಿವೆ ಅನ್ನೋದಕ್ಕಿಂತ ಎಲ್ಲಿವೆ ಅನ್ನೋದು ಜಾಸ್ತಿ ಮುಖ್ಯ. ರಕ್ತದಲ್ಲಿ ಸೋಡಿಯಂ ಲೀಟರಿಗೆ 135ರಿಂದ 145 ಮಿಲಿಮೋಲ್ (ಕಣಗಳ ಎಣಿಕೆಯ ಒಂದು ಅಳತೆ) ಇರಬೇಕು, ಪೊಟ್ಯಾಸಿಯಂ 3.5ರಿಂದ 5. ಜೀವಕೋಶದ ಒಳಗೆ ಹೋದರೆ ಲೆಕ್ಕ ಪೂರ್ತಿ ತಿರುವುಮುರುವು. ಅಲ್ಲಿ ಪೊಟ್ಯಾಸಿಯಂ 140ರ ಆಸುಪಾಸು, ಸೋಡಿಯಂ ಬರೀ 10ರಿಂದ 15. ಅಘನಾಶಿನಿ ನದಿಯ ದಂಡೆಯಲ್ಲಿ ಉಪ್ಪುನೀರಿನ ಪಕ್ಕದ ತಗ್ಗಿನ ಗದ್ದೆ, ಅಂದರೆ ಗಜನಿ ಗದ್ದೆ, ನೋಡಿದವರಿಗೆ ಇದು ಬೇಗ ಹೊಳೆಯುತ್ತದೆ. ಹೊರಗೆ ಭರತದ ಉಪ್ಪುನೀರು, ಒಳಗೆ ಕಗ್ಗ ಭತ್ತದ ಪೈರು, ನಡುವೆ ಕಟ್ಟೆ, ಕಟ್ಟೆಗೆ ಹಲಗೆಯ ಬಾಗಿಲು. ಯಾವಾಗ ತೆರೆಯಬೇಕು, ಯಾವಾಗ ಮುಚ್ಚಬೇಕು ಅನ್ನೋದರ ಮೇಲೆ ಇಡೀ ಬೆಳೆ ನಿಂತಿರುತ್ತದೆ. ಜೀವಕೋಶದ ಪೊರೆಯಲ್ಲೂ ಅಂಥ ಬಾಗಿಲುಗಳಿವೆ, ಸೋಡಿಯಂಗೆ ಬೇರೆ, ಪೊಟ್ಯಾಸಿಯಂಗೆ ಬೇರೆ, ಕ್ಯಾಲ್ಸಿಯಂಗೆ ಬೇರೆ. ಜೊತೆಗೆ ಒಂದು ಪಂಪೂ ಇದೆ. ಅದು ಪ್ರತಿ ಸುತ್ತಿಗೆ ಮೂರು ಸೋಡಿಯಂ ಹೊರಗೆ ಹಾಕಿ ಎರಡು ಪೊಟ್ಯಾಸಿಯಂ ಒಳಗೆ ತರುತ್ತದೆ. ಡೆನ್ಮಾರ್ಕಿನ ವಿಜ್ಞಾನಿ ಯೆನ್ಸ್ ಸ್ಕೌ 1957ರಲ್ಲಿ ಈ ಪಂಪನ್ನು ತೋರಿಸಿಕೊಟ್ಟರು, ಅದಕ್ಕೆ ನೊಬೆಲ್ ಸಿಕ್ಕಿದ್ದು 1997ರಲ್ಲಿ. ನಾವು ಸುಮ್ನೆ ಕೂತಿದ್ದಾಗ ಮೈ ಖರ್ಚು ಮಾಡುವ ಶಕ್ತಿಯಲ್ಲಿ ಹೆಚ್ಚುಕಡಿಮೆ ಐದರಲ್ಲಿ ಒಂದು ಪಾಲು ಈ ಪಂಪಿಗೇ ಹೋಗುತ್ತದೆ.

ಒಳಗೆ ಒಂದು, ಹೊರಗೆ ಒಂದು ಅಂತ ಈ ವ್ಯತ್ಯಾಸ ಇರೋದರಿಂದ ಪೊರೆಯ ಎರಡು ಬದಿಗೆ ವೋಲ್ಟೇಜ್ ಹುಟ್ಟುತ್ತದೆ. ನರದ ಕೋಶದಲ್ಲಿ ಸುಮಾರು 70 ಮಿಲಿವೋಲ್ಟ್, ಹೃದಯದ ಸ್ನಾಯುವಿನಲ್ಲಿ 90. ಬಾಗಿಲು ತೆರೆದ ಕೂಡಲೇ ಸೋಡಿಯಂ ಒಳಗೆ ನುಗ್ಗುತ್ತದೆ, ವೋಲ್ಟೇಜ್ ತಿರುಗುತ್ತದೆ, ಪಕ್ಕದ ಬಾಗಿಲು ತೆರೆಯುತ್ತದೆ, ಹೀಗೆ ಸಂದೇಶ ನರದುದ್ದಕ್ಕೂ ಓಡುತ್ತದೆ. ಬ್ರಿಟನ್ನಿನ ವಿಜ್ಞಾನಿಗಳಾದ ಹಾಡ್ಜ್‌ಕಿನ್ ಮತ್ತು ಹಕ್ಸ್‌ಲಿ 1952ರಲ್ಲಿ ಇದರ ಲೆಕ್ಕ ಬಿಡಿಸಿದ್ದು ಸ್ಕ್ವಿಡ್‌ನ ನರದಲ್ಲಿ, ಅಂದರೆ ನಮ್ಮ ಮೀನುಪೇಟೆಗೆ ಬರುವ ಬೊಂಡಾಸಿನ ಬಳಗದ ಪ್ರಾಣಿಯಲ್ಲಿ. ಅದರ ಒಂದು ನರದ ಎಳೆ ಒಂದು ಮಿಲಿಮೀಟರಿನಷ್ಟು ದಪ್ಪ ಇರಬಲ್ಲದು, ಒಳಗೆ ತಂತಿ ತೂರಿಸಿ ಅಳೆಯಬಹುದು.

ಇಸಿಜಿಯಲ್ಲಿ ಕಾಣೋದೂ ಇದೇ ಅಯಾನುಗಳ ಓಡಾಟ. ಪೊಟ್ಯಾಸಿಯಂ ವಿಪರೀತ ಏರಿದರೆ ಇಸಿಜಿಯ ಟಿ ಅಲೆ ಚೂಪಾಗಿ ಮೇಲೇಳಬಹುದು, ಇನ್ನೂ ಏರಿದರೆ ಉಳಿದ ಗೆರೆಗಳೂ ಅಗಲವಾಗಿ ಹರಡುತ್ತವೆ, ಆಮೇಲೆ ಹೃದಯ ನಿಲ್ಲಲೂಬಹುದು. ಇದನ್ನು ಗಮನದಲ್ಲಿಡಿ, ಯಾಕೆಂದರೆ ನಾನು ಹೇಳಬೇಕಾದ ಮಾತು ಇದರಲ್ಲೇ ಇದೆ. ಮೈಯ ವಿದ್ಯುತ್ತನ್ನು ನಡೆಸೋದು ಉಪ್ಪು. ಉಪ್ಪಿನ ಲೆಕ್ಕ ಕೆಟ್ಟರೆ ವಿದ್ಯುತ್ತು ಕೆಡುತ್ತದೆ. ಹೊರಗಿನಿಂದ ವಿದ್ಯುತ್ತು ಕೊಟ್ಟರೆ ಉಪ್ಪಿನ ಲೆಕ್ಕ ಸರಿಹೋಗುವುದಿಲ್ಲ.

ಹಾಗಾದರೆ ಲೆಕ್ಕ ಸರಿ ಇಡೋದು ಯಾರು? ಕಿಡ್ನಿ. ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ಸೋಸಿ, ಬೇಕಾದದ್ದನ್ನೆಲ್ಲ ವಾಪಸ್ ಎಳೆದುಕೊಂಡು, ಒಂದೆರಡು ಲೀಟರ್ ಮಾತ್ರ ಹೊರಗೆ ಬಿಡುತ್ತದೆ. ಆಲ್ಡೋಸ್ಟೆರೋನ್ ಅನ್ನೋ ಹಾರ್ಮೋನು ಸೋಡಿಯಂ ಉಳಿಸಿ ಪೊಟ್ಯಾಸಿಯಂ ಬಿಡು ಅಂತ ಹೇಳುತ್ತದೆ, ಮೆದುಳಿನಿಂದ ಬರುವ ಇನ್ನೊಂದು ಹಾರ್ಮೋನು ನೀರನ್ನು ಹಿಡಿದಿಡು ಅನ್ನುತ್ತದೆ. ಈ ಹಾರ್ಮೋನುಗಳು ಹೆಚ್ಚುಕಡಿಮೆಯಾಗೋದು ರಕ್ತದ ಸಾಂದ್ರತೆ, ರಕ್ತದ ಒತ್ತಡ, ಪೊಟ್ಯಾಸಿಯಂ ಮಟ್ಟ ನೋಡಿಕೊಂಡು. ಆರೋಗ್ಯವಾಗಿರುವವರು ಒಂದು ದಿನ ಉಪ್ಪಿನಕಾಯಿ ಜಾಸ್ತಿ ತಿಂದರೆ ಬಾಯಾರಿಕೆಯಾಗುತ್ತದೆ, ನೀರು ಕುಡಿಯುತ್ತಾರೆ, ಒಂದೆರಡು ದಿನದಲ್ಲಿ ಕಿಡ್ನಿ ಅದನ್ನು ಹೊರಗೆ ಹಾಕಿಬಿಡುತ್ತದೆ.

ಲೆಕ್ಕ ತಪ್ಪೋದು ಯಾವಾಗ ಅಂತ ಸ್ವಲ್ಪ ವಿವರವಾಗಿಯೇ ಹೇಳಬೇಕು, ನಮ್ಮ ಕಡೆಯ ಮನೆಮನೆಗೂ ಸಂಬಂಧಪಟ್ಟದ್ದು ಇದು. ಏಪ್ರಿಲ್ ಮೇ ತಿಂಗಳ ಸೆಖೆಯಲ್ಲಿ ಬೋಟಿನ ಮೇಲೆ ಬಲೆ ಎಳೆಯುವವರು, ಗದ್ದೆಯಲ್ಲಿ ಇರುವವರು ಬೆವರಿನಲ್ಲಿ ನೀರಿನ ಜೊತೆ ಸೋಡಿಯಂ ಕಳೆದುಕೊಳ್ಳುತ್ತಾರೆ. ಗಾಳಿಯಲ್ಲೇ ಇಷ್ಟು ತೇವ ಇರುವ ಜಾಗದಲ್ಲಿ ಬೆವರು ಆರುವುದಿಲ್ಲ, ಮೈ ತಂಪಾಗುವುದಿಲ್ಲ, ಇನ್ನಷ್ಟು ಬೆವರು ಬರುತ್ತದೆ. ಅಂಥ ಹೊತ್ತಿನಲ್ಲಿ ಬರೀ ನೀರನ್ನೇ ಕೊಡಗಟ್ಟಲೆ ಕುಡಿದರೆ ರಕ್ತದ ಸೋಡಿಯಂ ಇನ್ನೂ ತೆಳುವಾಗುತ್ತದೆ. ಗಂಜಿಗೆ ಉಪ್ಪು ಹಾಕಿ ಕುಡಿಯೋದು, ಉಪ್ಪು ಹಾಕಿದ ಮಜ್ಜಿಗೆ, ಶಿರಸಿ ಕಡೆಯ ಅಪ್ಪೆಹುಳಿ, ಇವೆಲ್ಲ ಇಲ್ಲಿಯ ಹವೆಗೆ ಒಪ್ಪುವ ಊಟ. ಸೀಯಾಳವೂ ಒಳ್ಳೆಯದೇ, ಆದರೆ ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ, ಸೋಡಿಯಂ ಕಡಿಮೆ. ವಾಂತಿಭೇದಿಗೆ ಬರೀ ಸೀಯಾಳ ಸಾಲದು. ಕಿಡ್ನಿ ತೊಂದರೆ ಇದ್ದವರಿಗಂತೂ ಡಾಕ್ಟರನ್ನು ಕೇಳದೆ ಕೊಡಲೇಬಾರದು.

ವಾಂತಿಭೇದಿಗೆ ಬೇಕಾದದ್ದು ಓಆರ್‌ಎಸ್. ಒಂದು ಲೀಟರಿಗೆ ಉಪ್ಪು 2.6 ಗ್ರಾಂ, ಗ್ಲೂಕೋಸ್ 13.5 ಗ್ರಾಂ, ಪೊಟ್ಯಾಸಿಯಂ ಕ್ಲೋರೈಡ್ 1.5 ಗ್ರಾಂ, ಸಿಟ್ರೇಟ್ 2.9 ಗ್ರಾಂ. ಸಕ್ಕರೆ ಯಾಕೆ ಅಂದರೆ, ಕರುಳಿನ ಗೋಡೆಯಲ್ಲಿ ಗ್ಲೂಕೋಸ್ ಮತ್ತು ಸೋಡಿಯಂ ಒಂದೇ ಬಾಗಿಲಿನಿಂದ ಜೊತೆಯಾಗಿ ಒಳಗೆ ಹೋಗುತ್ತವೆ, ಅವುಗಳ ಹಿಂದೆ ನೀರೂ ಹೋಗುತ್ತದೆ. ಭೇದಿ ಎಷ್ಟೇ ಜೋರಿದ್ದರೂ ಈ ಬಾಗಿಲು ಸಾಮಾನ್ಯವಾಗಿ ಕೆಲಸ ಮಾಡುತ್ತಲೇ ಇರುತ್ತದೆ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ನಡುವೆ ಕಾಲರಾ ಹಬ್ಬಿದಾಗ ಡಾ. ದಿಲೀಪ್ ಮಹಲನಬೀಸ್ ಪಶ್ಚಿಮ ಬಂಗಾಳದ ಬನಗಾಂವ್ ಶಿಬಿರದಲ್ಲಿ ಸಲೈನ್ ಸಾಲದೆ ಉಪ್ಪು ಸಕ್ಕರೆಯ ನೀರನ್ನೇ ಡ್ರಮ್ಮುಗಳಲ್ಲಿ ಕಲಸಿ ಕುಡಿಸಿದರು. ಸಾವಿನ ಪ್ರಮಾಣ ಶೇಕಡಾ 30ರ ಹತ್ತಿರದಿಂದ 4ಕ್ಕಿಂತ ಕೆಳಗೆ ಇಳಿಯಿತು. ಎಲೆಕ್ಟ್ರೋಲೈಟ್ ಬ್ಯಾಲೆನ್ಸ್ ಸರಿಮಾಡೋದು ಅಂದರೆ ಇದು. ಕಳೆದುಹೋದದ್ದನ್ನು ಅಳತೆಯಲ್ಲಿ ವಾಪಸ್ ಕೊಡೋದು.

ಇನ್ನೊಂದು ಗುಂಪು ಮನೆಯ ಹಿರಿಯರದ್ದು. ಬಿಪಿಗೆ ಕೊಡುವ ಗುಳಿಗೆಗಳಲ್ಲಿ ಹೈಡ್ರೋಕ್ಲೋರೋಥಯಜೈಡ್, ಕ್ಲೋರ್ಥಾಲಿಡೋನ್ ಅಂತ ಕೆಲವು ಇವೆ. ಒಳ್ಳೆಯ ಔಷಧಗಳೇ, ಆದರೆ ಮೂತ್ರದಲ್ಲಿ ಸೋಡಿಯಂ, ಪೊಟ್ಯಾಸಿಯಂ ಎರಡನ್ನೂ ಹೊರಗೆ ಕಳಿಸುತ್ತವೆ. ವಯಸ್ಸಾದವರಲ್ಲಿ, ಅದರಲ್ಲೂ ಊಟ ಕಡಿಮೆ ಮಾಡುವವರಲ್ಲಿ, ಸೋಡಿಯಂ ನಿಧಾನಕ್ಕೆ ಇಳಿಯುತ್ತದೆ. ನಡೆಯುವಾಗ ತೂರಾಡುತ್ತಾರೆ, ಹೇಳಿದ್ದನ್ನೇ ಹೇಳುತ್ತಾರೆ, ಊಟ ಬೇಡ ಅನ್ನುತ್ತಾರೆ, ವಾಕರಿಕೆ ಬರುತ್ತದೆ. ಮನೆಯವರು ವಯಸ್ಸಾಯ್ತು, ಅರಳುಮರಳು ಅಂದುಕೊಳ್ಳುತ್ತಾರೆ. ಸೋಡಿಯಂ 120ಕ್ಕಿಂತ ಕೆಳಗೆ ಹೋದರೆ ಮೆದುಳಿನ ಕೋಶಗಳಿಗೆ ನೀರು ಸೇರಿ ಊದಿಕೊಂಡು ಫಿಟ್ಸ್ ಕೂಡ ಬರಬಹುದು.

ಈಗ ಮಷೀನಿನ ಕಡೆ ಬರೋಣ. ಇದು ಹೊಸ ವಿಜ್ಞಾನ ಅಂತ ಹೇಳುತ್ತಾರೆ, ಆದರೆ ನೂರು ವರ್ಷದ ಹಳೆಯ ಮಾತು. ಅಮೆರಿಕದ ಆಲ್ಬರ್ಟ್ ಏಬ್ರಮ್ಸ್ ಅನ್ನೋ ವೈದ್ಯ ಪ್ರತಿ ರೋಗಕ್ಕೂ ಒಂದು ಕಂಪನ ಇದೆ ಅಂತ ಹೇಳಿ ಪೆಟ್ಟಿಗೆಗಳನ್ನು ಬಾಡಿಗೆಗೆ ಕೊಡುತ್ತಿದ್ದ. 1923-24ರಲ್ಲಿ ಸೈಂಟಿಫಿಕ್ ಅಮೆರಿಕನ್ ಪತ್ರಿಕೆ ಅದನ್ನು ಪರೀಕ್ಷೆ ಮಾಡಿಸಿ, ಏನೂ ಉಪಯೋಗ ಇಲ್ಲ ಅಂತ ತೀರ್ಮಾನ ಕೊಟ್ಟಿತು. ಆಮೇಲೆ 1930ರ ದಶಕದಲ್ಲಿ ಸ್ಯಾನ್ ಡಿಯೇಗೋದ ರಾಯಲ್ ರೈಫ್, ಪ್ರತಿ ರೋಗಾಣುವಿಗೂ ಅದನ್ನು ಕೊಲ್ಲುವ ಒಂದು ಫ್ರೀಕ್ವೆನ್ಸಿ ಇದೆ ಅಂದ. ಇವತ್ತಿಗೂ ರೈಫ್ ಹೆಸರಿನ ಮಷೀನುಗಳು ಮಾರಾಟಕ್ಕಿವೆ. ಆತ ಹೇಳಿದ್ದನ್ನು ಬೇರೆಯವರು ಮಾಡಿ ತೋರಿಸಿದ್ದು ಮಾತ್ರ ಇಲ್ಲ.

ಎಲೆಕ್ಟ್ರೋಲೈಟಿನ ಮಾತು ಇದಕ್ಕೆ ಅಂಟಿಕೊಂಡಿದ್ದರ ಹಿಂದೆ ಒಂದು ಭೌತಶಾಸ್ತ್ರದ ವಾದ ಇದೆ, ಅದನ್ನು ಗೌರವದಿಂದಲೇ ನೋಡಬೇಕು. ಕಾಂತಕ್ಷೇತ್ರದಲ್ಲಿ ಚಾರ್ಜ್ ಇರುವ ಕಣ ಸುತ್ತು ಹೊಡೆಯುತ್ತದೆ, ಸೆಕೆಂಡಿಗೆ ಎಷ್ಟು ಸುತ್ತು ಅನ್ನೋದು ಕಣದ ತೂಕ ಮತ್ತು ಚಾರ್ಜಿನ ಮೇಲೆ ಹೋಗುತ್ತದೆ. ಹಾಗಾಗಿ ಕ್ಯಾಲ್ಸಿಯಂಗೆ ಒಂದು, ಪೊಟ್ಯಾಸಿಯಂಗೆ ಒಂದು ಫ್ರೀಕ್ವೆನ್ಸಿ ಲೆಕ್ಕ ಹಾಕಬಹುದು, ಅದೇ ಫ್ರೀಕ್ವೆನ್ಸಿ ಹೊರಗಿನಿಂದ ಕೊಟ್ಟರೆ ಆ ಅಯಾನನ್ನು ಓಡಿಸಬಹುದು ಅನ್ನೋ ವಾದ 1980ರ ದಶಕದಲ್ಲಿ ಬಂತು. ಲೆಕ್ಕ ನಾವೇ ಮಾಡಿ ನೋಡೋಣ. ನಮ್ಮ ಕಡೆ ಭೂಮಿಯ ಕಾಂತಕ್ಷೇತ್ರ ಸುಮಾರು 40 ಮೈಕ್ರೋಟೆಸ್ಲಾ. ಅದರಲ್ಲಿ ಕ್ಯಾಲ್ಸಿಯಂ ಅಯಾನಿನ ಫ್ರೀಕ್ವೆನ್ಸಿ ಸುಮಾರು 31 ಹರ್ಟ್ಜ್, ಅಂದರೆ ಸೆಕೆಂಡಿಗೆ 31 ಸುತ್ತು. ಇಲ್ಲಿಯವರೆಗೆ ಸರಿ. ಆದರೆ ಮೈಯ ಬಿಸಿಯಲ್ಲಿ ಆ ಅಯಾನಿನ ವೇಗ ಸೆಕೆಂಡಿಗೆ ನಾನೂರು ಮೀಟರಿಗಿಂತ ಜಾಸ್ತಿ. ಆ ವೇಗದಲ್ಲಿ ಅದು ಒಂದು ಸುತ್ತು ಹೊಡೆಯಬೇಕು ಅಂದರೆ ವೃತ್ತದ ತ್ರಿಜ್ಯವೇ ಎರಡು ಮೀಟರಿಗಿಂತ ದೊಡ್ಡದಾಗುತ್ತದೆ. ಜೀವಕೋಶದ ಅಗಲ ಮಿಲಿಮೀಟರಿನ ನೂರನೇ ಒಂದು ಭಾಗ. ಮೈಗಿಂತ ದೊಡ್ಡ ಸುತ್ತನ್ನು ಕೋಶದೊಳಗೆ ಹೊಡೆಯೋದು ಹೇಗೆ? ಅದೂ ಅಲ್ಲದೆ, ನೀರಿನಲ್ಲಿರುವ ಅಯಾನು ಖಾಲಿ ಜಾಗದಲ್ಲಿ ಓಡುತ್ತಿಲ್ಲ. ಸುತ್ತ ನೀರಿನ ಅಣುಗಳು ಮುತ್ತಿಕೊಂಡಿರುತ್ತವೆ, ಒಂದು ಸೆಕೆಂಡಿನಲ್ಲಿ ಲಕ್ಷ ಕೋಟಿ ಸಲಕ್ಕಿಂತ ಜಾಸ್ತಿ ಡಿಕ್ಕಿ ಹೊಡೆಯುತ್ತದೆ. ಮೊದಲ ಸುತ್ತಿನ ಚೂರೂ ಮುಗಿಯೋದಿಲ್ಲ.

ಎಂಆರ್‌ಐಯಲ್ಲಿ ರೆಸೊನೆನ್ಸ್ (ತಕ್ಕ ಫ್ರೀಕ್ವೆನ್ಸಿ ಕೊಟ್ಟಾಗ ಕಣ ಸ್ಪಂದಿಸೋದು) ಇದೆಯಲ್ಲ ಅಂತ ಕೇಳುವವರಿದ್ದಾರೆ. ಇದೆ. ಅಲ್ಲಿ ಸಾಮಾನ್ಯವಾಗಿ 1.5 ಟೆಸ್ಲಾ ಕಾಂತ ಇರುತ್ತದೆ, ಅಂದರೆ ಭೂಮಿಯ ಕಾಂತಕ್ಷೇತ್ರದ ಮೂವತ್ತೇಳು ಸಾವಿರ ಪಟ್ಟಿನಷ್ಟು. ಅಷ್ಟು ದೊಡ್ಡ ಕಾಂತದೊಳಗೆ 64 ಮೆಗಾಹರ್ಟ್ಜ್ ಅಲೆ ಕೊಟ್ಟು ಹೈಡ್ರೋಜನ್ ಪರಮಾಣುಗಳ ನಡುವಿನ ಬೀಜಗಳನ್ನು (ನ್ಯೂಕ್ಲಿಯಸ್) ತಿರುಗಿಸಿ ಚಿತ್ರ ತೆಗೆಯುತ್ತಾರೆ. ಸ್ಕ್ಯಾನ್ ಆಗಿ ಹೊರಗೆ ಬಂದವರ ಸೋಡಿಯಂ, ಪೊಟ್ಯಾಸಿಯಂ ಒಳಗೆ ಹೋಗುವಾಗ ಎಷ್ಟಿತ್ತೋ ಅಷ್ಟೇ ಇರುತ್ತದೆ.

ಇನ್ನು ವೋಲ್ಟೇಜಿನ ಕಡೆಯಿಂದ ನೋಡಿ. ಪೊರೆಯ ದಪ್ಪ ಏಳೆಂಟು ನ್ಯಾನೋಮೀಟರ್, ಅದರ ಅಡ್ಡಕ್ಕೆ 70 ಮಿಲಿವೋಲ್ಟ್. ಮೀಟರಿಗೆ ಲೆಕ್ಕ ಹಾಕಿದರೆ ಇದು ಹತ್ತಿರಹತ್ತಿರ ಒಂದು ಕೋಟಿ ವೋಲ್ಟ್. ಹೊರಗಿನಿಂದ ಮೈಯೊಳಗೆ ಮೀಟರಿಗೆ ಒಂದು ವೋಲ್ಟ್ ಕ್ಷೇತ್ರ ಹುಟ್ಟಿಸಿದರೂ ಸಾಧಾರಣ ಗಾತ್ರದ ದುಂಡಗಿನ ಕೋಶದ ಪೊರೆಗೆ ತಟ್ಟೋದು 10 ಮೈಕ್ರೋವೋಲ್ಟಿಗಿಂತ ಕಡಿಮೆ. ಪೊರೆಯಲ್ಲಿ ಆಗಲೇ ಇರೋದು 70,000 ಮೈಕ್ರೋವೋಲ್ಟ್. ನರದ ಎಳೆ ಉದ್ದ ಇರೋದರಿಂದ ಅದಕ್ಕೆ ಜಾಸ್ತಿ ತಟ್ಟುತ್ತದೆ, ಅದಕ್ಕೇ ಫಿಸಿಯೋಥೆರಪಿಯವರ ಟೆನ್ಸ್ ಮಷೀನಿನ ಪ್ಯಾಡ್ ಇಟ್ಟರೆ ಜುಮ್ಮೆನ್ನುತ್ತದೆ. ಟೆನ್ಸ್‌ನಿಂದ ಕೆಲವರಿಗೆ ನೋವು ಸ್ವಲ್ಪ ಹೊತ್ತು ತಗ್ಗುತ್ತದೆ. ಪೇಸ್‌ಮೇಕರ್ ಹೃದಯವನ್ನು ಬಡಿಸುತ್ತದೆ. ಪಾರ್ಕಿನ್‌ಸನ್ ರೋಗಿಗಳ ಮೆದುಳಿನೊಳಗೇ ತಂತಿ ಇಟ್ಟು 130 ಹರ್ಟ್ಜಿನ ಆಸುಪಾಸು ಮಿಡಿತ ಕೊಡುತ್ತಾರೆ. ಇವೆಲ್ಲ ವಿದ್ಯುತ್ತಿನ ನಿಜವಾದ ಚಿಕಿತ್ಸೆಗಳು. ಇದು ಇಷ್ಟಕ್ಕೆ ಮಾತ್ರ ಅಂತ ಪ್ರತಿಯೊಂದಕ್ಕೂ ಗಡಿ ಇದೆ. ರಕ್ತದ ಸೋಡಿಯಂ ಏರಿಸೋದು ಇಳಿಸೋದು ಅದ್ಯಾವುದರ ಕೆಲಸವೂ ಅಲ್ಲ.

ಕೈಗೆ ಕೊಡುವ ಕೋಲಿನ ವಿಷಯ. ಕೋಲು ಹಿಡಿದಾಗ ಅಳೆಯಬಹುದಾದ್ದು ಮುಖ್ಯವಾಗಿ ಚರ್ಮದ ವಿದ್ಯುತ್ ಹರಿವು. ಒಣ ಚರ್ಮ ವಿದ್ಯುತ್ತನ್ನು ತಡೆಯುತ್ತದೆ, ಬೆವರಿದ ಚರ್ಮ ಬಿಡುತ್ತದೆ. ಗಟ್ಟಿಯಾಗಿ ಹಿಡಿದರೆ ಒಂದು, ಸಡಿಲ ಹಿಡಿದರೆ ಒಂದು, ಕಾರವಾರದ ಮೇ ತಿಂಗಳಲ್ಲಿ ಒಂದು, ಶಿರಸಿಯ ಡಿಸೆಂಬರಿನ ಚಳಿಯಲ್ಲಿ ಇನ್ನೊಂದು. ಅಂಗೈಯ ಬೆವರಿನಿಂದ ರಕ್ತದ ಪೊಟ್ಯಾಸಿಯಂ ಗೊತ್ತಾಗೋದಿಲ್ಲ. ಲ್ಯಾಬಿನಲ್ಲಿ ಅಳೆಯುವಾಗ ಸೋಡಿಯಂಗೇ ಒಂದು, ಪೊಟ್ಯಾಸಿಯಂಗೇ ಒಂದು ಅಂತ ಬೇರೆಬೇರೆ ಎಲೆಕ್ಟ್ರೋಡ್ ಇರುತ್ತವೆ, ಅವು ರಕ್ತದ ಮಾದರಿಯನ್ನೇ ಮುಟ್ಟಿ ಅಳೆಯುತ್ತವೆ. ಮಷೀನಿಗೆ ಕೂರುವ ಮೊದಲು ನೀರು, ಮಿನರಲ್ ಉಪ್ಪು ಕುಡಿಯಿರಿ, ಫ್ರೀಕ್ವೆನ್ಸಿ ಚೆನ್ನಾಗಿ ಹರಿಯುತ್ತದೆ ಅಂತಾರಲ್ಲ, ಕುಡಿದ ಒಂದು ಲೋಟದಿಂದ ರಕ್ತದ ವಿದ್ಯುತ್ ಹರಿವು ಗಮನಿಸುವಷ್ಟು ಬದಲಾಗದಂತೆ ಕಿಡ್ನಿ ನೋಡಿಕೊಳ್ಳುತ್ತದೆ. ಚರ್ಮ ಒದ್ದೆಯಾದರೆ ಮಾತ್ರ ಜುಮ್ಮೆನ್ನೋದು ಜಾಸ್ತಿಯಾಗುತ್ತದೆ.

ಕಾಲು ಇಡುವ ಟಬ್ಬಿನ ನೀರು ಕಂದು ಬಣ್ಣಕ್ಕೆ ತಿರುಗೋದನ್ನು ಮನೆಯಲ್ಲೇ ಮಾಡಿ ನೋಡಬಹುದು. ಒಂದು ಗಾಜಿನ ಲೋಟದಲ್ಲಿ ನೀರು, ಒಂದು ಚಮಚ ಉಪ್ಪು. ಎರಡು ಕಬ್ಬಿಣದ ಮೊಳೆಗಳನ್ನು ಒಂದಕ್ಕೊಂದು ತಾಗದಂತೆ ಇಳಿಸಿ, 9 ವೋಲ್ಟಿನ ಬ್ಯಾಟರಿಯ ಎರಡು ತುದಿಗೆ ತಂತಿಯಿಂದ ಜೋಡಿಸಿ. ಕಿಟಕಿ ತೆರೆದಿಡಿ, ವಾಸನೆ ಬರಬಹುದು. ಒಂದು ಮೊಳೆಯ ಸುತ್ತ ಸಣ್ಣ ಗುಳ್ಳೆ ಏಳುತ್ತವೆ, ಅದು ಹೈಡ್ರೋಜನ್. ಇನ್ನೊಂದು ಮೊಳೆಯಿಂದ ಮೊದಲು ಹಸಿರು ಛಾಯೆಯ ಮೋಡದಂಥದ್ದು ಇಳಿಯುತ್ತದೆ, ಆಮೇಲೆ ಹಳದಿ, ಆಮೇಲೆ ತುಕ್ಕಿನ ಬಣ್ಣ, ಮೇಲೆ ಕೊಳಕು ನೊರೆ. ಬರೀ ಮೊಳೆಯ ಕಬ್ಬಿಣ ಕರಗಿ ತುಕ್ಕಾಗಿದ್ದು ಇದು. ಲೋಟದಲ್ಲಿ ಯಾರ ಕಾಲೂ ಇರಲಿಲ್ಲ. ವಿದ್ಯುತ್ತು ಹರಿಸುವ ಲೋಹ ಇಟ್ಟ ಟಬ್ಬಿನಲ್ಲಿ ಆಗೋದೂ ಇದೇ. ಅದನ್ನು ತೋರಿಸಿ ನಿಮ್ಮ ಮೈಯ ವಿಷ ಹೊರಗೆ ಬಂತು ಅಂದರೆ, ಎದುರಿಗೆ ಕೂತ ಅಜ್ಜಿಗೆ ನಂಬದೇ ಇರಲು ಕಾರಣವೇ ಇಲ್ಲ ಅಲ್ವಾ? ನನಗೆ ಸಿಟ್ಟು ಬರೋದು ಅದಕ್ಕೇ.

ಮಷೀನಿನಿಂದ ಬರುವ ಹಾನಿಗಿಂತ ಅದರ ಸುತ್ತಲಿನ ಮಾತುಗಳಿಂದ ಬರುವ ಹಾನಿ ದೊಡ್ಡದು. ಚಿಕಿತ್ಸೆ ಆದ ಮೇಲೆ ತಲೆನೋವು, ಸುಸ್ತು, ಮೀನಖಂಡದ ಸೆಳೆತ, ಎದೆ ಡವಡವ ಬಂದರೆ ಡಿಟಾಕ್ಸ್ ಆಗುತ್ತಿದೆ, ಇದು ಒಳ್ಳೆಯ ಲಕ್ಷಣ ಅಂತ ಹೇಳುತ್ತಾರೆ. ಈ ಪಟ್ಟಿ ನೋಡಿ. ಸೋಡಿಯಂ ಇಳಿದಾಗ ತಲೆನೋವು, ಸುಸ್ತು. ಪೊಟ್ಯಾಸಿಯಂ, ಮೆಗ್ನೀಸಿಯಂ ಇಳಿದಾಗ ಸೆಳೆತ, ಎದೆ ಡವಡವ. ವಿಷ ತೊಳೆಯಲು ದಿನಕ್ಕೆ ಐದಾರು ಲೀಟರ್ ನೀರು ಕುಡಿಯಿರಿ, ಉಪ್ಪು ಬಿಡಿ ಅಂತ ಜೊತೆಗೆ ಹೇಳಿದ್ದರೆ, ಬಿಪಿ ಗುಳಿಗೆ ತಿನ್ನುವ ಹಿರಿಯರಲ್ಲಿ ಸೋಡಿಯಂ ಇಳಿಯಲು ಅಷ್ಟೇ ಸಾಕು. ಇನ್ನು ಕೆಲವರು ಸಾದಾ ಉಪ್ಪಿನ ಬದಲು ಸೋಡಿಯಂ ಕಡಿಮೆ ಇರುವ ಉಪ್ಪು ಕೊಡುತ್ತಾರೆ, ಅದರಲ್ಲಿ ಪೊಟ್ಯಾಸಿಯಂ ಕ್ಲೋರೈಡ್ ಸೇರಿರುತ್ತದೆ. ಕಿಡ್ನಿ ದುರ್ಬಲ ಇದ್ದವರಿಗೆ ಅದೇ ವಿಷವಾಗಬಹುದು. ಪೇಸ್‌ಮೇಕರ್ ಇದ್ದವರು ಮೈಗೆ ವಿದ್ಯುತ್ತು ಕೊಡುವ ಇಂಥ ಸಾಧನದ ಹತ್ತಿರವೇ ಹೋಗಬಾರದು. ಶುಗರ್, ಬಿಪಿ ಗುಳಿಗೆ ನಿಲ್ಲಿಸಿ ಅಂತ ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ. ಸಕ್ಕರೆ ಕಾಯಿಲೆ, ಕ್ಯಾನ್ಸರ್, ಬಿಪಿ ವಾಸಿ ಮಾಡುತ್ತೇವೆ ಅಂತ ಜಾಹೀರಾತು ಕೊಡೋದನ್ನು 1954ರ ಔಷಧ ಮತ್ತು ಮಾಂತ್ರಿಕ ಚಿಕಿತ್ಸೆಗಳ ಕಾಯ್ದೆ ನಿಷೇಧಿಸಿದೆ.

ಮ್ಯಾಟ್ ಮೇಲೆ ಮಲಗಿ ಹಗುರ ಅನ್ನಿಸಿತು ಅನ್ನುವವರ ಮಾತನ್ನು ನಾನು ಸುಳ್ಳು ಅನ್ನೋದಿಲ್ಲ. ಅರ್ಧ ಗಂಟೆ ಮಲಗಿ, ಒಬ್ಬರು ಪಕ್ಕದಲ್ಲಿ ಕೂತು ಏನಾಗುತ್ತಿದೆ ಅಂತ ಸಮಾಧಾನದಿಂದ ಕೇಳಿದರೆ ಯಾರಿಗಾದರೂ ಹಗುರ ಅನ್ನಿಸುತ್ತದೆ. ಸರ್ಕಾರಿ ಆಸ್ಪತ್ರೆಯ ಕ್ಯೂನಲ್ಲಿ ಅದು ಸಿಗೋದು ಕಷ್ಟ, ಅದು ನಿಜವಾದ ಕೊರತೆ. ಆದರೆ ಹಗುರ ಅನ್ನಿಸಿದ್ದರಿಂದ ರಕ್ತದಲ್ಲಿ ಏನಿದೆ ಅಂತ ಗೊತ್ತಾಗೋದಿಲ್ಲ.

ಅನುಮಾನ ಇದ್ದರೆ ಸೀರಂ ಎಲೆಕ್ಟ್ರೋಲೈಟ್ಸ್ ಅಂತ ಬರೆಸಿಕೊಳ್ಳಿ, ಜೊತೆಗೆ ಕಿಡ್ನಿ ಹೇಗಿದೆ ಅಂತ ತಿಳಿಸುವ ಕ್ರಿಯಾಟಿನಿನ್. ತಾಲೂಕು ಆಸ್ಪತ್ರೆಯಲ್ಲೋ ಪೇಟೆಯ ಲ್ಯಾಬಿನಲ್ಲೋ ಮಾಡುತ್ತಾರೆ. ತಿನ್ನುವ ಎಲ್ಲ ಗುಳಿಗೆಗಳ ಸ್ಟ್ರಿಪ್‌ಗಳನ್ನು ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ, ಹಳ್ಳಿಮದ್ದು ತಿನ್ನುತ್ತಿದ್ದರೆ ಅದನ್ನೂ ಹೇಳಿ. ಸೋಡಿಯಂ ತೀರಾ ಕಡಿಮೆ ಬಂದು ಅಡ್ಮಿಟ್ ಮಾಡಿದರೆ, ಒಂದು ಬಾಟಲ್ ಸಲೈನ್ ಏರಿಸಿ ಸಂಜೆ ಮನೆಗೆ ಕಳಿಸಿ ಅಂತ ಒತ್ತಾಯ ಮಾಡಬೇಡಿ. ದಿನಗಟ್ಟಲೆ ಇಳಿದೇ ಇದ್ದ ಸೋಡಿಯಂಗೆ ಮೆದುಳು ಹೊಂದಿಕೊಂಡಿರುತ್ತದೆ. ಅದನ್ನು ಗಬಕ್ಕನೆ ಏರಿಸಿದರೆ ನರಗಳ ಹೊದಿಕೆಯೇ ಹಾಳಾಗಿ ಕೈಕಾಲು, ಮಾತು ಹೋಗಬಹುದು. ಅದಕ್ಕೇ 24 ಗಂಟೆಯಲ್ಲಿ 8ರಿಂದ 10 ಮಿಲಿಮೋಲ್ ದಾಟದಂತೆ ನೋಡಿಕೊಳ್ಳುತ್ತಾರೆ. 115 ಇದ್ದವರು 130 ಮುಟ್ಟಲು ಎರಡು ಮೂರು ದಿನ ಬೇಕಾಗೋದು, ನಡುವೆ ನಾಲ್ಕಾರು ಗಂಟೆಗೊಮ್ಮೆ ನರ್ಸ್ ಬಂದು ಮತ್ತೆ ರಕ್ತ ತೆಗೆಯೋದು ಈ ಕಾರಣಕ್ಕೆ.